ಕೂರದವಳ ಧಕ್ಕೆ

ತಾರಿಕೊಡ್ಲಿನ ಧಕ್ಕೆಯನ್ನು ನೋಡಲು ರಜಾದಿನಗಳಲ್ಲಿ ಘಟ್ಟದ ಮೇಲಿನ ಊರುಗಳಿಂದ ಬಸ್ಸು ತುಂಬ ಜನ ಬರುತ್ತಾರೆ. ಬೆಳಿಗ್ಗೆ ಬಂದು ಸಂಜೆಗೆ ಮರಳುವ ಪ್ರವಾಸ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಡಗು ನಿಲ್ಲಲೆಂದು ಕಟ್ಟಿದ ಈ ಧಕ್ಕೆ ಕಬ್ಬಿಣದ ಕಂಬಗಳ ಮೇಲೆ ಕಡಲೊಳಕ್ಕೆ ಉದ್ದಕ್ಕೆ ಚಾಚಿಕೊಂಡಿದೆ. ಬಂದವರು ತುದಿಯವರೆಗೆ ಹೋಗಿ, ಫೋಟೋ ತೆಗೆದುಕೊಂಡು, ಗಾಳಿಗೆ ಹಾರುವ ಸೆರಗು ಹಿಡಿದುಕೊಳ್ಳುತ್ತ ವಾಪಸಾಗುತ್ತಾರೆ. ಫಲಕದಲ್ಲಿ ಯಾವನೋ ಕಲೆಕ್ಟರ್ ದೊರೆಯ ಹೆಸರಿದೆ. ಆ ಹೆಸರು ಹೇಳಿ ದಾರಿ ಕೇಳಿದರೆ ಊರಿನಲ್ಲಿ ಯಾರೂ ತೋರಿಸಲಾರರು. ದೊರೆ ಒಮ್ಮೆ ಬಂದು, ಹಾರ ಹಾಕಿಸಿಕೊಂಡು ಹೋದವನು. ಅಷ್ಟಕ್ಕೇ ಅವನನ್ನು ನೆನಪಿಟ್ಟುಕೊಳ್ಳಲು ಊರಿಗೇನು ಬೇರೆ ಕೆಲಸವಿಲ್ಲವೇ? ಜನರ ಬಾಯಲ್ಲಿ ಇದು ಕೂರದವಳ ಧಕ್ಕೆ.

ಹಿಂದೆ, ಇತ್ತ ಸರಿಯಾದ ರಸ್ತೆಯೇ ಇಲ್ಲದ ಕಾಲದಲ್ಲಿ, ಊರಿಗೆ ಬರಲು ಹೋಗಲು ಇದೊಂದೇ ದಾರಿಯಾಗಿತ್ತು ಎನ್ನುತ್ತಾರೆ. ಆಗಬೋಟು ಎಂದು ಜನ ಕರೆಯುತ್ತಿದ್ದ ಹೊಗೆ ಹಡಗು ಬಡಗಣ ಬಂದರುಗಳಿಂದ ಬಂದು, ಇಲ್ಲಿ ಜನರನ್ನು ಇಳಿಸಿ, ಬಂದ ದಾರಿಯಲ್ಲೇ ತಿರುಗುತ್ತಿತ್ತು. ಮಳೆಗಾಲ ಹಿಡಿಯುವ ಮುನ್ನ ಧಕ್ಕೆಯ ಹಲಗೆಗಳನ್ನೆಲ್ಲ ಕಿತ್ತು ದಡದಲ್ಲಿ ಪೇರಿಸಿಡುವುದು ರೂಢಿ. ಹಲಗೆ ಇದ್ದರೆ ಆಷಾಢದ ತೆರೆ ಅದಕ್ಕೆ ಅಪ್ಪಳಿಸಿ ಕಂಬಗಳನ್ನೇ ಮುರಿಯುತ್ತದೆ. ಇಲ್ಲದಿದ್ದರೆ ನೀರು ಸಂದಿನಲ್ಲಿ ಹಾದುಹೋಗುತ್ತದೆ. ನೂಲುಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಹಲಗೆಗಳನ್ನು ಮತ್ತೆ ಜೋಡಿಸುವುದು. ಅಲ್ಲಿಯವರೆಗೆ ಬರುವವರಿಲ್ಲ, ಹೋಗುವವರಿಲ್ಲ, ಸತ್ತವರ ಸುದ್ದಿಯೂ ಇಲ್ಲ.

ಇದನ್ನು ಬೀರಮ್ಮನಷ್ಟು ಬಲ್ಲವರು ಯಾರಿದ್ದರು? ಅಂಬಿಗರ ಕೇರಿಯ ಬೀರಮ್ಮ ಸೂಲಗಿತ್ತಿ. ಊರಿನ ಅರ್ಧ ಮಕ್ಕಳು ಅವಳ ಕೈಯಲ್ಲಿ ಕಣ್ಣುಬಿಟ್ಟವರು. ಅವಳ ಸ್ವಂತ ಹಿರಿಮಗಳು ಮಾತ್ರ ಒಂದು ಮಳೆಗಾಲದಲ್ಲಿ ಗಂಡನ ಮನೆಯಲ್ಲೇ ಹೆರಲಾರದೆ ತೀರಿಕೊಂಡಿದ್ದಳು. ತಾಯಿಗೆ ಅದು ಗೊತ್ತಾದದ್ದು ಹಲಗೆ ಜೋಡಿಸಿದ ಮೇಲೆ. ಈಗ ಕಿರಿಮಗಳು ಮಾದೇವಿಗೆ ದಿನ ತುಂಬುತ್ತಿತ್ತು. ಕೊನೆಯ ಆಗಬೋಟಿನಲ್ಲಿ ಕಳಿಸುತ್ತೇವೆಂದು ಬೀಗರು ಹೇಳಿಕಳಿಸಿದ್ದರು. ಬೋಟು ಬರಬೇಕಾದ ದಿನ ಬರಲಿಲ್ಲ, ಮರುದಿನವೂ ಇಲ್ಲ. ಅದರ ಮರುದಿನ ಪಡುವಣ ಬಾನು ಕಪ್ಪಾಯಿತು. ಮೇಸ್ತ್ರಿ ಜಟ್ಟಪ್ಪ ಹಾರೆ ಹಿಡಿದ ಆಳುಗಳನ್ನು ಕರೆತಂದ.

ಬೀರಮ್ಮ ಮೊದಲು ಧಕ್ಕೆಯ ತುದಿಗೆ ಹೋಗಿ ಕುಳಿತಳಂತೆ. ಕುಳಿತು ನೋಡುತ್ತಾಳೆ, ಆಳುಗಳು ದಡದ ಕಡೆಯಿಂದ ಶುರುಮಾಡಲು ಬಗ್ಗಿದ್ದಾರೆ. ಕುಳಿತರೆ ತನ್ನ ಕೆಳಗಿನ ಹಲಗೆಯೊಂದು ಉಳಿದೀತು. ಬಸುರಿ ಅದರ ಮೇಲೆ ದಡ ಸೇರುವಳೇ? ಎದ್ದಳು, ನಡೆದಳು. ತುದಿಯಿಂದ ದಡಕ್ಕೆ, ದಡದಿಂದ ತುದಿಗೆ. ಅವಳ ಬೆನ್ನ ಹಿಂದೆ ಹಲಗೆ ಕಿತ್ತರೆ, ತಿರುಗಿ ಬರುವಾಗ ನೇರ ಕಡಲಿಗೇ ಬೀಳುವಳು. ತಮ್ಮನ್ನು ಈ ಲೋಕಕ್ಕೆ ಎತ್ತಿಕೊಂಡವಳ ಕೈ ಹಿಡಿದು ಎಳೆಯುವ ಧೈರ್ಯ ಆಳುಗಳಲ್ಲಿ ಒಬ್ಬನಿಗೂ ಬರಲಿಲ್ಲ. ಮಗಳು ಬಂದೇ ಬರುತ್ತಾಳೆ ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು. ಮರುಗಳಿಗೆ ಹಿರಿಯವಳ ಮುಖ ಕಣ್ಣಿಗೆ ಕಟ್ಟುತ್ತಿತ್ತು. ಆಗ ಹೆಜ್ಜೆ ಇನ್ನಷ್ಟು ಬಿರುಸಾಗುತ್ತಿತ್ತು. ಮಧ್ಯಾಹ್ನ ಜಟ್ಟಪ್ಪನೇ ಚೊಂಬಿನಲ್ಲಿ ನೀರು ತಂದ.

“ಬೀರಕ್ಕ, ಒಂದ್ ಗಳಿಗೆ ಕೂತ್ಕೊ. ಕಾಲು ಸೋತೋಗ್ತದೆ.”

“ಕೂತ್ರೆ ನೀ ಹಲಗೆ ಕೀಳ್ತೀ. ನಂಗೊತ್ತಿಲ್ವ?”

“ಕಂಬ ಮುರುದ್ರೆ ನನ್ ಕೆಲ್ಸ ಹೋಗ್ತದೆ ಮಾರಾಯ್ತಿ.”

“ಕೆಲ್ಸ ಹೋದ್ರೆ ಇನ್ನೊಂದು ಸಿಕ್ತದೆ,” ಎಂದು ಬೀರಮ್ಮ ನಡೆಯುತ್ತಲೇ ನೀರು ಕುಡಿದು, ಚೊಂಬನ್ನು ಮರುಸುತ್ತಿನಲ್ಲಿ ಅವನ ಕೈಗಿಟ್ಟಳು.

ಹೊತ್ತು ಮುಳುಗುವ ಮುನ್ನ ಹೊಗೆ ಕಾಣಿಸಿತು. ಬೋಟು ಧಕ್ಕೆಗೆ ತಾಗಿತು, ತೆರೆಯ ನೀರು ಎರಚಿ ತೊಪ್ಪೆಯಾದ ಜನ ಒಬ್ಬೊಬ್ಬರಾಗಿ ಏಣಿ ಹತ್ತಿ ಬಂದರು. ಬೀರಮ್ಮ ಒಂದೊಂದೇ ಮುಖ ನೋಡಿದಳು. ಮಾದೇವಿ ಇರಲಿಲ್ಲ. ಬೋಟು ನಡೆಸುವ ತಾಂಡೇಲ ತಲೆ ತಗ್ಗಿಸಿ ಹೇಳಿದ: “ಬಂದಿದ್ಲು ಬೀರಕ್ಕ. ಗಂಟು ಹಿಡ್ಕಂಡು ಬಂದರಿನ ತನ್ಕ ಬಂದಿದ್ಲು. ಮೋಡ ನೋಡಿ ಅತ್ತೆ ಬ್ಯಾಡ ಅಂತ ತಿರುಗಿ ಕರ್ಕಂಡು ಹೋದ್ಲು. ಅಳ್ತಿತ್ತು ಹುಡುಗಿ.”

ಆಗ ಅವಳ ಕಾಲು ನಿಂತಿತು. ಕರೆಯದೆ ಬೀಗರ ಮನೆಯ ಹೊಸಿಲು ತುಳಿಯುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಹೆಣ್ಣು ಕೊಟ್ಟವರು ಜನ್ಮವಿಡೀ ಕೇಳಬೇಕಾದ ಚುಚ್ಚುಮಾತು. ಇಷ್ಟು ದಿನ ಅವಳನ್ನು ತಡೆದದ್ದೂ ಅದೇ. ತಡೆದದ್ದಕ್ಕೆ ಒಬ್ಬ ಮಗಳನ್ನು ತೆತ್ತಾಗಿತ್ತು.

“ಇದು ತಿರುಗಿ ಅಲ್ಲಿಗೇ ಹೋಗೂದಲ್ವ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ಉಟ್ಟ ಸೀರೆಯಲ್ಲೇ ಏಣಿ ಇಳಿದಳು. ಬೋಟು ಮರೆಯಾದ ಮೇಲೆ ಜಟ್ಟಪ್ಪ ಮೊದಲ ಮಳೆಯಲ್ಲಿ ನೆನೆಯುತ್ತ ಹಲಗೆ ಕೀಳಿಸಿದ.

ಮಗು ಕಾಲು ಮುಂದಾಗಿ ಬಂತು, ಬೀರಮ್ಮನ ಕೈ ಇರದಿದ್ದರೆ ತಾಯಿಯೂ ಉಳಿಯುತ್ತಿರಲಿಲ್ಲ ಎನ್ನುತ್ತಾರೆ. ನೂಲುಹುಣ್ಣಿಮೆಯ ನಂತರದ ಮೊದಲ ಬೋಟಿನಲ್ಲಿ ಮೂವರೂ ಬಂದಿಳಿದರು.

ಈಗ ಧಕ್ಕೆಗೆ ಕಾಂಕ್ರೀಟು ಹಾಸಿದ್ದಾರೆ. ಕೀಳುವ ಮಾತೇ ಇಲ್ಲ. ಸಂಜೆ ಬಸ್ಸಿಗೆ ಹೊರಡುವ ಪ್ರವಾಸಿಗಳಿಗೆ ಎದುರಾಗಿ, ತಾಯಂದಿರ ಕೈ ಹಿಡಿದ ತುಂಬುಬಸುರಿಯರು ತುದಿಯವರೆಗೆ ನಡೆದು ಬರುವುದನ್ನು ಇಂದಿಗೂ ಕಾಣಬಹುದು. ಇಷ್ಟೊಂದು ಬಸುರಿಯರು ಒಂದೇ ಊರಿನಲ್ಲೇ ಎಂದು ನೋಡುವವರು ಬೆರಗಾಗುತ್ತಾರೆ. ತಾರಿಕೊಡ್ಲಿನ ಹೆಣ್ಣು ತಂದ ಮನೆಯವರು ಏಳು ತಿಂಗಳು ತುಂಬುತ್ತಲೇ ಸೊಸೆಯನ್ನು ತಾವಾಗಿ ತವರಿಗೆ ತಂದು ಬಿಡುತ್ತಾರೆ. ತಡಮಾಡಿದರೆ ತಾಯಿಯೇ ಬಂದು ಬಾಗಿಲಲ್ಲಿ ನಿಂತಾಳೆಂಬ ಹೆದರಿಕೆ ಇನ್ನೂ ಹೋಗಿಲ್ಲ.