ಮೂರನೆಯ ನಕ್ಷತ್ರ

ನದಿ ದಂಡೆಯ ಆ ಊರಿನಲ್ಲಿ ಯೆಹೂದ್ಯರ ಮನೆಗಳು ಒಂಬತ್ತೇ. ಒಂಬತ್ತಕ್ಕೂ ಗುರು ಒಬ್ಬರೇ, ರಬ್ಬಿ ಅಜ್ರಿಯೇಲ. ಕಣ್ಣಿಗೆ ಪೊರೆ ಬಂದು ಅವರಿಗೆ ಹಗಲೂ ಮಬ್ಬಾಗಿತ್ತು. ನಾಲಿಗೆ ಮಾತ್ರ ಚುರುಕಾಗಿಯೇ ಇತ್ತು.

ಆ ಶನಿವಾರ ಸಂಜೆ ಅವರು ಸಿಪ್ಪೋರಾಳ ಅಂಗಳದಲ್ಲಿ ಕುಳಿತಿದ್ದರು. ಚಿಕ್ಕಂದಿನಲ್ಲಿ ಅವರ ಹತ್ತಿರವೇ ಅಕ್ಷರ ಕಲಿತವಳು ಆಕೆ. ಗಂಡ ತೀರಿಕೊಂಡು ಆರು ವರ್ಷ. ಇರುವವನು ಒಬ್ಬನೇ ಮಗ, ಹದಿನೈದರ ಆಶೇರ.

ಶುಕ್ರವಾರ ಸಂಜೆ ಶುರುವಾದ ಸಬ್ಬತ್ತು, ಅಂದರೆ ವಾರದ ವಿಶ್ರಾಂತಿಯ ದಿನ, ಮುಗಿದ ಕೂಡಲೇ ಆಶೇರ ದೋಣಿ ಹತ್ತಬೇಕಿತ್ತು. ಹತ್ತು ದಿನದ ದಾರಿ. ಅಲ್ಲಿ ಧರ್ಮಗ್ರಂಥದ ಸುರುಳಿಗಳನ್ನು ಬರೆಯುವ ಹಿರಿಯರೊಬ್ಬರು ಅವನನ್ನು ಶಿಷ್ಯನನ್ನಾಗಿ ಮಾಡಿಕೊಳ್ಳಲು ಒಪ್ಪಿದ್ದರು. ಈ ದೋಣಿ ತಪ್ಪಿದರೆ ಮಳೆಗಾಲ ಕಳೆಯುವವರೆಗೆ ಇನ್ನೊಂದಿಲ್ಲ. ಅಷ್ಟು ದಿನ ಆ ಜಾಗ ಅವನಿಗಾಗಿ ಕಾಯುವುದೂ ಇಲ್ಲ.

ಸಬ್ಬತ್ತಿನ ದಿನ ಪ್ರಯಾಣವಿಲ್ಲ, ಒಲೆ ಹೊತ್ತಿಸುವಂತಿಲ್ಲ, ಊರಿಗೆ ಹೊರಡುವ ಸಿದ್ಧತೆಯನ್ನೂ ಮಾಡುವಂತಿಲ್ಲ. ಶುಕ್ರವಾರವೇ ಕಟ್ಟಿಟ್ಟ ಗಂಟು ಬಾಗಿಲ ಬಳಿ ಇತ್ತು. ಸಿಪ್ಪೋರಾ ಬೆಳಗಿನಿಂದ ಅದನ್ನೇ ಸುತ್ತುತ್ತಿದ್ದಳು. ಉಣ್ಣೆಯ ಕಾಲುಚೀಲ ಹಾಕಿದೆನೋ ಇಲ್ಲವೋ? ಬಿಚ್ಚಿ ನೋಡೋಣವೆಂದರೆ ಅದೂ ಆಗದು. ಕುಳಿತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿತ್ತು ಅವಳಿಗೆ.

ಸೂರ್ಯ ಮುಳುಗಿದ. ಇನ್ನು ಆಕಾಶದಲ್ಲಿ ಮೂರು ನಕ್ಷತ್ರ ಕಂಡರೆ ಸಬ್ಬತ್ತು ಮುಗಿದಂತೆ.

“ಎಷ್ಟು ಕಾಣ್ತಿವೆ, ಸಿಪ್ಪೋರಾ?” ರಬ್ಬಿ ಕೇಳಿದರು.

“ಒಂದು.”

ಅವಳು ಒಳಗೆ ಹೋದಳು, ಹೊರಗೆ ಬಂದಳು.

“ಈಗ?”

“ಎರಡು.” ಮೂರನೆಯದು ನದಿಯ ಮೇಲೆ ಆಗಲೇ ಮಿನುಗುತ್ತಿತ್ತು. ಅವಳು ಅದಕ್ಕೆ ಬೆನ್ನು ತಿರುಗಿಸಿದಳು. “ರಬ್ಬಿ, ಸಬ್ಬತ್ತನ್ನ ಸ್ವಲ್ಪ ಹಿಗ್ಗಿಸಿದ್ರೆ ಪುಣ್ಯ ಅಂತ ನೀವೇ ಕಲಿಸಿದ್ರಿ ಅಲ್ವಾ?”

“ಕಲಿಸಿದ್ದೆ.”

“ಎಷ್ಟು ಹಿಗ್ಗಿಸಬಹುದು?”

“ಯಾಕೆ ಹಿಗ್ಗಿಸ್ತಿದ್ದೀನಿ ಅಂತ ಬಾಯಿ ಬಿಟ್ಟು ಹೇಳೋಕೆ ಆಗೋಷ್ಟು.”

ಅವಳು ಗಂಟನ್ನು ಇನ್ನೊಮ್ಮೆ ಸುತ್ತಿ ಬಂದಳು.

ರಬ್ಬಿ ಮೂಗು ಅರಳಿಸಿದರು. “ಪಕ್ಕದ ನಮ್ಮವರ ಮನೇಲಿ ಒಲೆ ಹೊತ್ತಿಸಿದ ಹಾಗಿದೆ.”

“ಅವರಿಗೆ ಯಾವಾಗಲೂ ಅವಸರ, ರಬ್ಬಿ. ಹೊಟ್ಟೆಬಾಕರು.”

ರಬ್ಬಿ ಗಡ್ಡದೊಳಗೇ ನಕ್ಕರು.

ದಂಡೆಯಿಂದ ಅಂಬಿಗ ಕೂಗಿದ. “ಏನಮ್ಮಾ, ಇನ್ನೂ ಮುಗೀಲಿಲ್ವಾ ನಿಮ್ಮ ದಿನ? ಗಾಳಿ ತಿರುಗ್ತಾ ಇದೆ! ಇನ್ನು ನಾನು ಕಾಯೋದಿಲ್ಲ!”

ಸಿಪ್ಪೋರಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇನ್ನೊಂದಿಷ್ಟು ಹೊತ್ತು, ಅಷ್ಟೇ. ದೋಣಿ ತಾನಾಗಿ ಹೊರಟುಹೋದರೆ ತಪ್ಪು ಯಾರದ್ದೂ ಅಲ್ಲ.

“ನನ್ನ ಕಣ್ಣಿಗಂತೂ ಕಾಣೋದಿಲ್ಲ,” ರಬ್ಬಿ ಹೇಳಿದರು. “ನೀನು ಹೇಳಿದ್ದೇ ಸಾಕ್ಷಿ. ನೀನು ಮೂರು ಅನ್ನೋವರೆಗೆ ಈ ಮನೇಲಿ ಸಬ್ಬತ್ತು.”

ಗೆದ್ದೆ ಅಂದುಕೊಳ್ಳಬೇಕಿತ್ತು. ಅವಳಿಗೆ ಹಾಗನ್ನಿಸಲಿಲ್ಲ. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಮಗನ ಕಣ್ಣು ಚೆನ್ನಾಗಿದೆಯಲ್ಲ, ಅವನನ್ನ ಕೇಳಿ,” ಅಂದಳು, ಸಿಟ್ಟಿನಿಂದಲೇ.

“ಕೇಳೋದಿಲ್ಲ. ಅವನನ್ನ ನೋಡು ಸಾಕು.”

ಅವಳು ನೋಡಿದಳು. ಆಶೇರ ಮೆಟ್ಟಿಲ ಮೇಲೆ ಮೊಣಕಾಲು ತಬ್ಬಿಕೊಂಡು, ನೆಲ ನೋಡುತ್ತ ಕುಳಿತಿದ್ದ. ಸೂರ್ಯ ಮುಳುಗಿದಾಗಿನಿಂದ ಹಾಗೆಯೇ ಇದ್ದ. ಅಂಬಿಗ ಕೂಗಿದಾಗಲೂ ಅತ್ತ ತಿರುಗಿರಲಿಲ್ಲ.

“ತಲೆ ಎತ್ತೋ, ಮಗಾ.”

“ಬೇಡಮ್ಮ.”

“ಯಾಕೆ?”

“ಎತ್ತಿದ್ರೆ ಎಣಿಸಿಬಿಡ್ತೀನಿ.”

ತಾಯಿ ಗುರುವಿನೆದುರು ಸುಳ್ಳುಗಾರಳಾಗಬಾರದೆಂದು ಹುಡುಗ ದೋಣಿಯನ್ನೇ ಬಿಟ್ಟುಕೊಡಲು ಸಿದ್ಧನಾಗಿದ್ದ. ಸಿಪ್ಪೋರಾಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಅವನ ಮೇಲೆ ತಡೆಯಲಾಗದಷ್ಟು ಪ್ರೀತಿ ಉಕ್ಕಿ ಬಂತು.

“ಮೂರು, ರಬ್ಬಿ,” ಅಂದಳು. “ಮೂರಾಗಿ ಎಷ್ಟೋ ಹೊತ್ತಾಯ್ತು. ಈಗ ಎಣಿಸೋಕೂ ಆಗದಷ್ಟಿವೆ.”

ಆಮೇಲೆ ಎಲ್ಲವೂ ಗಡಿಬಿಡಿಯಲ್ಲಿ ನಡೆಯಿತು. ಆಶೇರ ಹೆಣೆದ ಮೇಣದ ಬತ್ತಿ ಹಚ್ಚಿ, ದ್ರಾಕ್ಷಾರಸದ ಬಟ್ಟಲು ಹಿಡಿದು, ಸಬ್ಬತ್ತನ್ನು ಬೀಳ್ಕೊಡುವ ಮಂತ್ರ ಹೇಳಿದ. ಸಬ್ಬತ್ತು ಹೋಗುವಾಗ ಜೀವ ಸೊರಗದಿರಲಿ ಎಂದು ಲವಂಗ ಮೂಸುವುದು ಪದ್ಧತಿ. ಸಿಪ್ಪೋರಾ ಲವಂಗದ ಡಬ್ಬಿಯನ್ನು ಬೇಗ ಕೆಳಗಿಡಲಿಲ್ಲ.

ದಂಡೆಯಲ್ಲಿ ಅವನು ತಲೆ ಬಾಗಿಸಿದ. ಅವಳಿಗಿಂತ ಎತ್ತರ ಬೆಳೆದಿದ್ದ. ಎರಡೂ ಕೈ ಅವನ ತಲೆಯ ಮೇಲಿಟ್ಟು, ಪ್ರತಿ ಶುಕ್ರವಾರ ಹರಸುತ್ತಿದ್ದ ಮಾತುಗಳನ್ನೇ ಹೇಳತೊಡಗಿದಳು. ಅರ್ಧಕ್ಕೆ ಅಳು ಬಂತು. ಉಳಿದರ್ಧವನ್ನು ಅವನೇ ಮೆಲ್ಲಗೆ ಹೇಳಿ ಮುಗಿಸಿದ.

“ಹೋಗಿ ಬರ್ತೀನಮ್ಮ.”

“ಹೋಗಿ ಬಾ. ಕಾಲುಚೀಲ ಇದೆಯಾ ನೋಡ್ಕೋ.”

ದೋಣಿಯ ದೀಪ ತಿರುವಿನಲ್ಲಿ ಮರೆಯಾದ ಮೇಲೆ ಅವಳು ಅಂಗಳಕ್ಕೆ ಬಂದು ರಬ್ಬಿಯ ಎದುರು ಕುಸಿದು ಕುಳಿತಳು. ಅತ್ತು ಅತ್ತು ದನಿ ಒಡೆದಿತ್ತು.

“ಮೂರಾಗಿದೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ಆ ಒಂದು ಮಾತನ್ನ ನೀವೇ ಹೇಳಿಬಿಡಬಾರದಿತ್ತಾ, ರಬ್ಬಿ? ನನ್ನ ಬಾಯಿಂದಲೇ ಬರಬೇಕಿತ್ತಾ?”

“ನಾನು ಹೇಳಿದ್ದರೆ ನಿನ್ನ ಮಗ ಹೊರಟುಹೋಗ್ತಿದ್ದ,” ರಬ್ಬಿ ಅಂದರು. “ಈಗ ಅವನನ್ನ ಅವನ ತಾಯಿ ಕಳಿಸಿಕೊಟ್ಟಿದ್ದಾಳೆ.”