ಕೊಪ್ಪರಿಗೆಗೆ ಬೀಳದ ಕಡಲೆ

"ಅಯ್ಯನವರೇ, ಎಷ್ಟು ಕೊಟ್ಟರೂ ಊರಾಚೆಯ ಆ ಓಣಿಯ ಜನ ನಮ್ಮ ಸಭೆಯಲ್ಲಿ ಯಾಕೆ ನಿಲ್ಲುವುದಿಲ್ಲ?" ಎಂದು ಜೀವನಕುಮಾರ ಕೇಳಿದ.

ಅವನು ಆ ಸಣ್ಣ ಊರಿನ ಮೆಥೋಡಿಸ್ಟ್ ದೇವಾಲಯಕ್ಕೆ ಹೊಸದಾಗಿ ಬಂದ ಪಾಸ್ಟರ್. ಅವನಿಗೆ ಪಾಠ ಹೇಳಿಕೊಟ್ಟಿದ್ದ ತಿಮೊಥೆಯಪ್ಪ ಅಯ್ಯನವರು ನಿವೃತ್ತರಾಗಿ ಅದೇ ಊರಿನಲ್ಲಿದ್ದರು. ಏನಾದರೂ ತೊಡಕಾದರೆ ಅವನು ಅವರ ಬಳಿ ಬರುತ್ತಿದ್ದ.

"ಬಾಗಿಲಲ್ಲಿ ನಿಂತು ಕೈಮುಗಿದು ಒಳಗೆ ಕರೆಯುತ್ತೇವೆ. ಅಕ್ಕಿ ಕೊಟ್ಟೆವು, ಕಂಬಳಿ ಕೊಟ್ಟೆವು, ಕಣ್ಣಿನ ತಪಾಸಣೆ ಮಾಡಿಸಿದೆವು. ಕ್ರಿಸ್ಮಸ್ಸಿಗೆ ಬರುತ್ತಾರೆ, ಉಣ್ಣುತ್ತಾರೆ, ಹೋಗುತ್ತಾರೆ. ಹೋದ ಮೇಲೆ ನಮ್ಮ ಮೇಲೇ ಮಾತು. ಹೇಳಬಾರದು ಅಯ್ಯನವರೇ, ಉಂಡ ಮನೆಯ ಜಂತಿ ಎಣಿಸುವ ಜನ."

ಅಯ್ಯನವರು ಚಹಾದ ಕಪ್ಪು ಕೆಳಗಿಟ್ಟರು.

"ಕುಳಿತುಕೋ," ಎಂದರು. "ನನಗೆ ಸಿಟ್ಟು ಬಂದಿದೆ. ಸಿಟ್ಟು ಬಂದಾಗ ನಾನು ಬಯ್ಯುವುದಿಲ್ಲ, ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ನಮ್ಮದರಂಥದೇ ಒಂದು ದೇವಾಲಯ. ಬಾಗಿಲ ಮೇಲೆ 'ಎಲ್ಲರಿಗೂ ಸ್ವಾಗತ' ಎಂದು ಬರೆಸಿದ್ದರು. ಸುಳ್ಳಲ್ಲ, ಬಂದವರನ್ನು ನಿಜಕ್ಕೂ ಕರೆಯುತ್ತಿದ್ದರು. ಆ ಸಭೆಗೆ ಒಬ್ಬ ಬಟ್ಟೆ ವರ್ತಕ ಹಿರಿಯನಾಗಿದ್ದ. ಶನಿವಾರ ಬಂತೆಂದರೆ ತನ್ನ ಗಾಡಿಯ ಮೇಲೆ ಅಕ್ಕಿಚೀಲ ಇಟ್ಟುಕೊಂಡು ಊರಾಚೆಯ ಓಣಿಗೆ ಹೋಗುತ್ತಿದ್ದ. ಅಲ್ಲಿ ಬೀದಿ ಗುಡಿಸುವವರು, ಗಟಾರ ಬಳಿಯುವವರು ಇದ್ದರು. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ, ಬಿಡು.

ಆ ಓಣಿಯಿಂದ ಒಬ್ಬ ಹೆಣ್ಣುಮಗಳು ದೇವಾಲಯಕ್ಕೆ ಬಂದಳು. ಬಜಾರದ ಕಸ ಗುಡಿಸುವವಳು. ಗಂಡ ಇಲ್ಲ, ಎರಡು ಮಕ್ಕಳು. ಸಭೆಯವರು ಆಕೆಯನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಸೀರೆ ಕೊಟ್ಟರು. ಫೋಟೋ ತೆಗೆದರು. ಆಕೆ ದೀಕ್ಷಾಸ್ನಾನ ತೆಗೆದುಕೊಂಡಳು, ಸಭೆಯ ಸದಸ್ಯಳಾದಳು. ವರ್ಷವಿಡೀ ಒಂದು ಭಾನುವಾರವೂ ತಪ್ಪಿಸಲಿಲ್ಲ. ಆಕೆಗೆ ಬೇಕಾಗಿದ್ದುದು ಸೀರೆಯಲ್ಲ. ಇಡೀ ಊರು ಆಕೆಯನ್ನು 'ಏ ಕಸದಾಕಿ' ಎಂದು ಕರೆಯುತ್ತಿತ್ತು. ಇಲ್ಲಿ ತಾನೂ ಮನೆಯ ಮಗಳಾದೇನು ಎಂಬುದೊಂದೇ ಆಸೆ. ಅದಕ್ಕಾಗಿ ಬರುತ್ತಿದ್ದಳು.

ಸುಗ್ಗಿ ಹಬ್ಬ ಬಂತು. ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಆ ದಿನ ಆರಾಧನೆ ಮುಗಿದ ಮೇಲೆ ಪ್ರೀತಿಭೋಜನ. ಮನೆಗೊಂದು ಪಾತ್ರೆಯಂತೆ ಕಾಳು, ಬೇಳೆ, ಸೊಪ್ಪು, ಬದನೆಕಾಯಿ, ಇದ್ದದ್ದನ್ನು ತರುವುದು. ಎಲ್ಲವನ್ನೂ ಒಂದೇ ಕೊಪ್ಪರಿಗೆಗೆ ಸುರಿದು ಭಜ್ಜಿ ಎಂಬ ಕೂಡುಪಲ್ಯ ಬೇಯಿಸುವುದು. ಯಾರ ಕಾಳು ಯಾರ ತುತ್ತಿನಲ್ಲಿ ಬಂತೋ ಗೊತ್ತಾಗಬಾರದು. ಅದೇ ಆ ಊಟದ ಅರ್ಥ.

ಹಿಂದಿನ ಭಾನುವಾರ ಪಾಸ್ಟರ್ ಕರೆ ಕೊಟ್ಟರು. "ಎಲ್ಲಾ ಮನೆಯವರು ಏನಾದ್ರೂ ತರ್ರಿ. ಬರಿಗೈಲೆ ಯಾರೂ ಬರಬ್ಯಾಡ್ರಿ."

ಎಲ್ಲಾ ಮನೆಯವರು. ಆ ಮಾತು ಕೇಳಿ ಆಕೆಯ ಕಣ್ಣು ತುಂಬಿತು. ಅದುವರೆಗೆ ಎಲ್ಲರೂ ಆಕೆಗೆ 'ತಗೋ' ಎಂದಿದ್ದರು. 'ತಾ' ಎಂದವರು ಯಾರೂ ಇರಲಿಲ್ಲ.

ಆಕೆ ಸಂತೆಯಲ್ಲಿ ಹಸಿಕಡಲೆ ಕೊಂಡಳು. ಗಿಡದ ಸಮೇತ ಇದ್ದದ್ದು. ತಾಯಿ ಮಕ್ಕಳು ಮೂವರೂ ಕುಳಿತು ಉಗುರು ಹಸಿರಾಗುವವರೆಗೆ ಸುಲಿದರು. ತೊಳೆದು, ಆರಿಸಿ, ಬೆಳಗಿದ ಪಾತ್ರೆಗೆ ತುಂಬಿ, ಮೇಲೆ ಹೊಸ ಅರಿವೆ ಕಟ್ಟಿದಳು. ಮಕ್ಕಳಿಗೆ ಒಂದು ಕಾಳೂ ಬಾಯಿಗೆ ಹಾಕಲು ಬಿಡಲಿಲ್ಲ. ದೇವರ ಮನೆಯ ಕೊಪ್ಪರಿಗೆಗೆ ಹೋಗುವುದು ಎಂಜಲಾಗಬಾರದು ಎಂದಳು.

ಹಬ್ಬದ ದಿನ ಕೊಪ್ಪರಿಗೆಯ ಹತ್ತಿರ ವರ್ತಕನ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಪಾತ್ರೆಯನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಅರಿವೆ ಬಿಚ್ಚಿ ನೋಡಿದಳು. "ಎಷ್ಟ್ ಚಂದ ಅವ ಯವ್ವಾ ಕಡ್ಲಿ," ಎಂದಳು. ಆಮೇಲೆ ಗಂಡನ ಕಡೆ ನೋಡಿದಳು. ಅವನು ಸುಮ್ಮನೆ ಒಂದು ಸಲ ತಲೆ ಅಲ್ಲಾಡಿಸಿದ. ಅಷ್ಟೇ. ಪಾತ್ರೆ ಮೇಜಿನ ಕೆಳಗೆ ಹೋಯಿತು.

ಆಕೆ ಬಾಗಿ ಕೇಳಿದಳು. "ಅಕ್ಕಾರ, ನನ್ನವು ಹಾಕ್ಲಿಲ್ಲಲ್ರಿ?"

"ಕೊಪ್ಪರಿಗಿ ತುಂಬೇದ ನೋಡವ್ವಾ. ನೀ ಯಾಕ ದಣೀತಿ? ಕುಂದ್ರು ಹೋಗು. ನೀ ನಮ್ಮ ಅತಿಥಿ."

ವರ್ಷವಿಡೀ ಬೆಂಚಿನಲ್ಲಿ ಕೂತವಳು ಅತಿಥಿ ಅಂತೆ! ಕೇಳಿದೆಯಾ? ಮನೆಯವಳಾಗಲು ಬಂದವಳನ್ನು ಅತಿಥಿ ಮಾಡಿ ಕೂರಿಸಿಬಿಟ್ಟರು.

ಆಕೆ ಅದನ್ನೂ ನಂಬಿದಳು. ಕೊಪ್ಪರಿಗೆ ತುಂಬಿದ್ದರೆ ಯಾರು ಏನು ಮಾಡಲು ಬರುತ್ತದೆ? ಆದರೆ ಆಕೆ ಕುಳಿತ ಮೇಲೆ ಒಬ್ಬ ಮೇಷ್ಟರ ಮನೆಯಿಂದ ತಡವಾಗಿ ಒಂದು ಬುಟ್ಟಿ ಮೆಂತ್ಯಸೊಪ್ಪು ಬಂತು. ವರ್ತಕನ ಹೆಂಡತಿ ನಕ್ಕು, ಬುಟ್ಟಿಯನ್ನು ಹಾಗೇ ಕೊಪ್ಪರಿಗೆಗೆ ಬೋರಲು ಹಾಕಿದಳು. ತುಂಬಿದ ಕೊಪ್ಪರಿಗೆಯಲ್ಲಿ ಅದಕ್ಕೆ ಜಾಗ ಇತ್ತು. ಆಕೆ ಅದನ್ನು ಮುಂದಿನ ಸಾಲಿನಲ್ಲಿ ಕುಳಿತೇ ನೋಡಿದಳು.

ಊಟಕ್ಕೆ ಮೊದಲ ಎಲೆ ಆಕೆಗೇ. ಹುಗ್ಗಿ ಎರಡು ಸಲ ಬಡಿಸಿದರು. ಸಭೆಯ ಹಿರಿಯರೆಲ್ಲ ಬಂದು "ಹೊಟ್ಟಿತುಂಬ ಉಣ್ಣವ್ವಾ" ಎಂದರು. ಒಬ್ಬರೂ ಆಕೆಯ ಪಕ್ಕದಲ್ಲಿ ಎಲೆ ಹಾಕಿಸಿಕೊಳ್ಳಲಿಲ್ಲ. ಹೊರಡುವಾಗ ಆಕೆಯ ಪಾತ್ರೆಯನ್ನು ಕೈಗೆ ಕೊಟ್ಟರು. ಅದರ ತುಂಬ ಉಳಿದ ಭಜ್ಜಿ, ರೊಟ್ಟಿ. ಕಡಲೆಯನ್ನು ಬೇರೆ ಕಾಗದದಲ್ಲಿ ಕಟ್ಟಿದ್ದರು. ಒಂದು ಕಾಳೂ ಕಡಿಮೆಯಾಗಿರಲಿಲ್ಲ. "ನಿನಗೇ ಬೇಕಾಗ್ತಾವ ಯವ್ವಾ, ಎರಡ್ ಮಕ್ಕಳ ತಾಯಿ ನೀ," ಎಂದರು.

ಇದನ್ನು ಅವರು ದಯೆ ಎಂದುಕೊಂಡರು. ಥೂ! ಚಪ್ಪಲಿಯಲ್ಲಿ ಹೊಡೆದಿದ್ದರೆ ಆಕೆ ತಿರುಗಿ ಬಯ್ಯಬಹುದಿತ್ತು. ದಯೆಯಲ್ಲಿ ಹೊಡೆದರೆ ಕೈಮುಗಿಯಬೇಕಾಗುತ್ತದೆ. ಆಕೆ ಕೈಮುಗಿದೇ ಮನೆಗೆ ಹೋದಳು.

ಇನ್ನೊಂದು ಮಾತು ಹೇಳಬೇಕು. ಆ ಸಭೆಯವರು ಯಾರ ಮೊಮ್ಮಕ್ಕಳು? ಊರ ಬಾವಿಗೆ ಬಿಡದೆ, ಬೊಗಸೆ ಹಿಡಿಸಿ, ಮೇಲಿನಿಂದ ನೀರು ಹೊಯ್ಯಿಸಿಕೊಂಡವರ ಮೊಮ್ಮಕ್ಕಳು. ಅವರ ಅಜ್ಜಂದಿರು ಕೊಟ್ಟ ಒಂದು ಹಿಡಿ ಜೋಳವನ್ನು ಯಾವ ಗುಡಿಯೂ ಮುಟ್ಟಲಿಲ್ಲವೆಂದೇ ಅವರು ಈ ದೇವಾಲಯ ಕಟ್ಟಿದ್ದು. ಈ ಕೊಪ್ಪರಿಗೆ ಇಟ್ಟದ್ದೂ ಅದಕ್ಕೇ. ಮೊಮ್ಮಕ್ಕಳಿಗೆ ಕೊಪ್ಪರಿಗೆ ನೆನಪಿದೆ, ಯಾಕೆ ಇಟ್ಟರು ಎಂಬುದು ಮರೆತುಹೋಗಿದೆ.

ಮುಂದಿನ ಭಾನುವಾರ ಆಕೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ವರ್ತಕನಿಗೆ ಸಂಕಟವಾಯಿತು. ಶನಿವಾರ ಅಕ್ಕಿಚೀಲ ಇಟ್ಟುಕೊಂಡು ಆಕೆಯ ಬಾಗಿಲಿಗೇ ಹೋದ.

ಅವನು ಬರುತ್ತಾನೆಂದು ಆಕೆಗೆ ಗೊತ್ತಿತ್ತು. ಅದೇ ಕಡಲೆಯನ್ನು ಒಣಗಿಸಿ ಇಟ್ಟಿದ್ದಳು. ಅವತ್ತು ನೆನೆಹಾಕಿ, ಬೇಯಿಸಿ, ಒಗ್ಗರಣೆ ಕೊಟ್ಟಿದ್ದಳು. ಚಾಪೆ ಹಾಸಿದಳು. ತಾಟಿನಲ್ಲಿ ಕಡಲೆ ಹಾಕಿ, ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟಳು.

"ಬರ್ರಿ ಹಿರಿಯಾರ, ಒಳಗ ಕುಂದ್ರಿ. ಬಡವರ ಮನಿ, ಒಂದ್ ತುತ್ತು ತಿಂದು ಹೋಗ್ರಿ."

ವರ್ತಕ ಹೊಸ್ತಿಲ ಹೊರಗೇ ನಿಂತ. ತಾಟು ನೋಡಿದ. ತಂಬಿಗೆ ನೋಡಿದ.

"ಇವತ್ತು ನನ್ನ ಉಪವಾಸ ಅದ ಯವ್ವಾ," ಎಂದ.

ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಮುಂದೆ ಕಸ ಗುಡಿಸುವಾಗ, ಹೋಟೆಲಿನಲ್ಲಿ ಅವನು ಪೂರಿ ತಿನ್ನುತ್ತಿದ್ದುದನ್ನು ಆಕೆ ಕಣ್ಣಾರೆ ನೋಡಿದ್ದಳು. ಆದರೂ ಆ ಮಾತು ಎತ್ತಲಿಲ್ಲ. ಅವನು ಕೆಳಗಿಳಿಸಿದ್ದ ಅಕ್ಕಿಚೀಲವನ್ನು ಎತ್ತಿ ತಿರುಗಿ ಅವನ ಗಾಡಿಯ ಮೇಲೆ ಇಟ್ಟಳು.

"ಹಂಗಾದ್ರ ನಮ್ಮ ಮನ್ಯಾಗೂ ಉಪವಾಸ ಅಂತ ತಿಳ್ಕೋರಿ," ಎಂದಳು.

ಮತ್ತೆ ಆಕೆ ಆ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಆಕೆಯ ಮಕ್ಕಳೂ ಹತ್ತಲಿಲ್ಲ. ಓಣಿಯಲ್ಲಿ ಸುದ್ದಿ ನಿಲ್ಲುತ್ತದೆಯೇ? ಉಳಿದವರೂ ಕ್ರಿಸ್ಮಸ್ಸಿಗೆ ಬಂದು, ಉಂಡು, ಹೋಗತೊಡಗಿದರು. ಅತಿಥಿ ಎಂದಮೇಲೆ ಅತಿಥಿಯಂತೆಯೇ ನಡೆದುಕೊಂಡರು. ವರ್ತಕ ಸಭೆಯ ಕಮಿಟಿಯಲ್ಲಿ ಎದ್ದು ನಿಂತು, "ಎಷ್ಟು ಕೊಟ್ಟರೂ ಆ ಜನ ನಿಲ್ಲುವುದಿಲ್ಲ" ಎಂದು ಕಣ್ಣೀರು ಹಾಕಿದ. ಕಮಿಟಿಯವರು ಯೋಚಿಸಿ, ಮುಂದಿನ ವರ್ಷದಿಂದ ಅಕ್ಕಿಯ ಜೊತೆ ಬೇಳೆಯನ್ನೂ ಕೊಡುವುದೆಂದು ತೀರ್ಮಾನಿಸಿದರು.

ಕತೆ ಅಲ್ಲಿಗೆ ನಿಂತಿತು. ಅಯ್ಯನವರ ಚಹಾ ಆರಿಹೋಗಿತ್ತು. ಅದನ್ನು ಹಾಗೇ ಒಂದು ಗುಟುಕು ಕುಡಿದರು.

ಜೀವನಕುಮಾರ ತಲೆ ಎತ್ತಿದ. "ಆ ವರ್ತಕನದು ತಪ್ಪು, ಒಪ್ಪುತ್ತೇನೆ. ಆದರೆ ನಮ್ಮ ಸಭೆಯಲ್ಲಿ ಹಾಗಿಲ್ಲ ಅಯ್ಯನವರೇ. ಆ ಓಣಿಗೆ ನಾನೇ ವಾರವಾರ ಹೋಗುತ್ತೇನೆ. ಅಲ್ಲಿ ನಾನು ಕಾಲಿಡದ ಅಂಗಳ ಇಲ್ಲ."

"ಅಂಗಳ ಸರಿ," ಎಂದರು ತಿಮೊಥೆಯಪ್ಪ ಅಯ್ಯನವರು. "ಉಂಡ ಮನೆಯ ಮಾತು ನೀನೇ ತೆಗೆದೆಯಲ್ಲ, ಆ ಓಣಿಯಲ್ಲಿ ನೀನು ಉಂಡ ಮನೆ ಯಾವುದು ಹೇಳು."

ಜೀವನಕುಮಾರ ಓಣಿಯ ಮನೆಗಳನ್ನು ಒಂದೊಂದಾಗಿ ಬೆರಳಲ್ಲಿ ಎಣಿಸಿದ. ಒಂದರಲ್ಲೂ ಅವನು ಉಂಡಿರಲಿಲ್ಲ.