ತರಗಿನ ಬೆಂಕಿ, ಕೆರೆಯ ನೀರು

“ಒಂದೇ ಹಳ್ಳಕ್ಕೆ ಇಬ್ಬರು ಯಜಮಾನರಾದರೆ ಯಾರ ಮಾತು ನಡೆಯಬೇಕು, ಗುರುಗಳೇ?” ಎಂದು ಶಿಷ್ಯ ಕೇಳಿದ. ಅವನು ತನ್ನೂರಿನ ಪಂಚಾಯಿತಿ ಸದಸ್ಯನೂ ಆಗಿದ್ದ. ಊರಿನ ಹಳ್ಳ ಹುಟ್ಟುವ ಬೆಟ್ಟದಲ್ಲಿ ಕಾಡಿನವರು ವಾಸಿಸುವ ಹಾಡಿಯಿತ್ತು. ಹಳ್ಳ ತಮ್ಮದೆಂದು ಎರಡೂ ಕಡೆಯವರು ಹಟ ಹಿಡಿದಿದ್ದರು.

ಗುರುಗಳು ಹೇಳಿದರು:

ಇನ್ನೊಂದು ಬೆಟ್ಟದಲ್ಲೂ ಹೀಗೆಯೇ ಮೇಲೊಂದು ಹಾಡಿ, ಬುಡದಲ್ಲೊಂದು ಊರು, ಎರಡಕ್ಕೂ ಒಂದೇ ಹಳ್ಳ. ಇಬ್ಬನಿಯ ತೇವ ಇನ್ನೂ ಇರುವಾಗಲೇ ಹಾಡಿಯವರು ಕಾಡಿನ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದು ತರಗನ್ನಷ್ಟೇ ತಿಂದು ತಣ್ಣಗಾಗುತ್ತಿತ್ತು. ಬೇಸಿಗೆಯಲ್ಲಿ ಹೊತ್ತಿಕೊಳ್ಳಲು ಅಲ್ಲಿ ಏನೂ ಉಳಿಯುತ್ತಿರಲಿಲ್ಲ.

ಕೆಳಗಿನ ಪಂಚಾಯಿತಿಗೆ ಕಂಡದ್ದು ಹೊಗೆ ಮಾತ್ರ. ಕಾಡು ಸುಟ್ಟರೆ ನೀರೆಲ್ಲಿ ಎಂದು ದಿಗಿಲುಬಿದ್ದು, ಬೆಂಕಿ ಇಡಕೂಡದೆಂದು ಠರಾವು ಮಾಡಿ ಕಾವಲು ಹಾಕಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು, ಪಾಪ. ಹಾಡಿಗೆ ಹೋಗಿ ಒಂದು ಮಾತು ಕೇಳಲು ಮಾತ್ರ ಯಾರಿಗೂ ಪುರಸೊತ್ತಾಗಲಿಲ್ಲ. ಹಾಡಿಯ ಯಜಮಾನನೂ ಕಡಿಮೆ ಆಸಾಮಿಯಲ್ಲ. ಕಾಡು ಅವರದಾದರೆ ಅವರೇ ನೋಡಿಕೊಳ್ಳಲಿ ಎಂದು ಮುನಿಸಿಕೊಂಡು ಕೂತ. ಹಳ್ಳ ಹುಟ್ಟುವ ಒರತೆಯ ಬಾಯಿ ಶುಚಿ ಮಾಡುವುದನ್ನೂ ಬಿಟ್ಟ.

ತರಗು ರಾಶಿ ಬಿತ್ತು. ಲಂಟಾನದ ಪೊದೆ ಎಲ್ಲೆಂದರಲ್ಲಿ ಹಬ್ಬಿತು. ಒಂದು ಬೇಸಿಗೆಯಲ್ಲಿ ಎಲ್ಲಿಂದಲೋ ಕಿಡಿ ಬಿದ್ದು ಇಡೀ ಬೆಟ್ಟ ಉರಿಯಿತು. ಮೊದಲ ಮಳೆಗೆ ಬೂದಿ, ಮಣ್ಣು ಕೊಚ್ಚಿ ಬಂದು ಹಾಡಿಯ ಒರತೆ ಹೂತುಹೋಯಿತು. ಊರಿನ ಕೆರೆ ಕಪ್ಪು ರಾಡಿಯಾಯಿತು. ಮೇಲಿನವರಿಗೂ ಕೆಳಗಿನವರಿಗೂ ಕುಡಿಯುವ ನೀರಿಲ್ಲ.

ಆಗ ಪಂಚಾಯಿತಿ ಅಧ್ಯಕ್ಷೆ ಒಬ್ಬಳೇ ಬೆಟ್ಟ ಹತ್ತಿದಳು.

“ಯಜಮಾನ್ರೇ, ನಿಮ್ಮನ್ನ ಕೇಳ್ದೆ ಬೆಂಕಿ ನಿಲ್ಲಿಸಿದ್ದು ನಮ್ಮ ತಪ್ಪು. ಈಗ ಮಕ್ಕಳಿಗೆ ಕುಡಿಯೋಕೆ ನೀರಿಲ್ಲ.”

“ನಾನಾದ್ರೂ ಇಳಿದು ಬಂದು ಹೇಳ್ಬೋದಿತ್ತು ಕಣವ್ವ. ಮುನಿಸ್ಕೊಂಡು ಕೂತೆ. ನಮ್ಮ ಮಕ್ಕಳೂ ಬಾಯಾರ್ಕಂಡೇ ಅವೆ” ಎಂದ ಯಜಮಾನ.

ಮುಂದಿನ ಚಳಿಗಾಲದಲ್ಲಿ ಹೊಸದಾಗಿ ಬಿದ್ದ ತರಗಿಗೆ ಹಾಡಿಯವರು ಬೆಂಕಿ ಇಟ್ಟರು. ಊರಿನವರು ಹಸಿ ಸೊಪ್ಪು ಹಿಡಿದು ಅಂಚಿನುದ್ದಕ್ಕೂ ನಿಂತು, ಅದು ದಾಟದಂತೆ ಕಾದರು. ಮಣ್ಣು ಜಾರುವ ಕೊರಕಲುಗಳನ್ನು ಹಾಡಿಯವರು ತೋರಿಸಿದರು. ಅಲ್ಲಿ ಕಲ್ಲಿನ ತಡೆ ಕಟ್ಟಲು ಪಂಚಾಯಿತಿ ಆಳು ಕಳಿಸಿತು. ಒರತೆಯನ್ನು ಎರಡೂ ಕಡೆಯವರು ಸೇರಿ ತೋಡಿದರು.

ಮಳೆ ಹಿಡಿದ ದಿನ, ಹಳ್ಳ ಕೆರೆಗೆ ಸೇರುವಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ನೀರು ತುಸು ಕೆಂಪಾಗಿ ಬಂತು, ಕಪ್ಪಾಗಿ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕೆಂಪೂ ತಿಳಿಯಾಯಿತು. ಅಧ್ಯಕ್ಷೆ ಅಲ್ಲೇ ಕಲ್ಲಿನ ಮೇಲೆ ಕೂತು, ನೆಮ್ಮದಿಯಿಂದ ಅತ್ತುಬಿಟ್ಟಳು. ಯಜಮಾನ ಬೊಗಸೆಯಲ್ಲಿ ನೀರು ಹಿಡಿದು ಮೊದಲು ಅವಳಿಗೇ ಕುಡಿಸಿದ.

ಶಿಷ್ಯನ ಮುಖವೂ ಹಗುರಾಯಿತು. ಆದರೂ ಕೇಳಿಯೇಬಿಟ್ಟ: “ಹಾಗಾದರೆ ಕಡೆಗೆ ಗೆದ್ದದ್ದು ಯಾರ ಮಾತು, ಗುರುಗಳೇ?”

ಗುರುಗಳು ಅವನ ಧೂಳು ಮೆತ್ತಿದ ಕಾಲು ನೋಡಿ ನಕ್ಕರು.

“ಇದನ್ನು ಕೇಳಲು ಇಷ್ಟು ದೂರ ನನ್ನ ಬಳಿಗೆ ಬಂದೆಯಲ್ಲ ಮಗು, ನಿಮ್ಮೂರಿಗೆ ನಿಮ್ಮ ಬೆಟ್ಟದ ಹಾಡಿ ಎಷ್ಟು ದೂರ?”